‘ಕಿವಾನುಕ’ ಆಲ್ಬಂ ಕೇಳುವುದು ಹೇಗೆ, ಅದರ ವಿಮರ್ಶೆ ಓದುವುದು ಹೇಗೆ

ಮೈಕಲ್ ಕಿವಾನುಕ ಲಂಡನ್ನಿನ ಗಾಯಕ. ಹಾಡು ತಾವೇ ಬರೆಯುತ್ತಾರೆ, ಗಿಟಾರ್ ನುಡಿಸುತ್ತಾರೆ, ಹಾಡುತ್ತಾರೆ. ಅವರ ಮೂರನೇ ಆಲ್ಬಂ ಹೆಸರೂ ‘ಕಿವಾನುಕ’ ಅಂತಲೇ. 2019ರ ನವೆಂಬರ್ 1ಕ್ಕೆ ಬಂತು, ಮರುವರ್ಷ ಆ ವರ್ಷದ ಅತ್ಯುತ್ತಮ ಆಲ್ಬಂಗೆ ಕೊಡುವ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಗೆದ್ದಿತು. ಈಚಿನ ವರ್ಷಗಳ ಆಲ್ಬಂಗಳಲ್ಲಿ ನನ್ನ ಮನಸ್ಸಿಗೆ ಇಷ್ಟು ಹತ್ತಿರ ಬಂದದ್ದು ಇನ್ನೊಂದಿಲ್ಲ.

ಆದರೆ ಯಾರಿಗಾದರೂ ಇದನ್ನು ಕೇಳಿ ಅಂತ ಹೇಳಿದರೆ ಅವರು ಮೊದಲು ವಿಮರ್ಶೆ ಹುಡುಕುತ್ತಾರೆ, ಎಷ್ಟು ಸ್ಟಾರ್ ಬಿದ್ದಿದೆ ನೋಡುತ್ತಾರೆ, ಆಮೇಲೆ ಜಾಸ್ತಿ ಜನ ಕೇಳಿರುವ ಒಂದು ಹಾಡು ಹಾಕಿ ಮೂರು ನಿಮಿಷದಲ್ಲಿ ‘ಹಳೇ ಕಾಲದ ಸೋಲ್ (ಅಮೆರಿಕದ ಕಪ್ಪು ಜನರಿಂದ ಬಂದ ಸಂಗೀತ) ಹಾಡುಗಳ ಥರ ಇದೆ, ಚೆನ್ನಾಗಿದೆ’ ಎಂದು ಮುಂದಕ್ಕೆ ಹೋಗುತ್ತಾರೆ. ಇಲ್ಲಿ ಕೆಡುವುದು ಆ ‘ಥರ’ ಎಂಬಲ್ಲಿ. ಮೊದಲ ಆಲ್ಬಂ ಬಂದಾಗಿನಿಂದ ಇವರನ್ನು ಬೇರೆ ಯಾರದೋ ಥರ ಎಂದೇ ಕೇಳಲಾಗಿದೆ. ಈ ಆಲ್ಬಂಗೆ ತಮ್ಮ ಹೆಸರನ್ನೇ ಇಟ್ಟಿದ್ದಕ್ಕೂ ಅದಕ್ಕೂ ಸಂಬಂಧ ಇದೆ. ಹಾಗಾಗಿ ಕ್ರಮ ಬದಲಿಸಿ. ಮೊದಲು ಆಲ್ಬಂ ಪೂರ್ತಿ ಕೇಳಿ. ಆಮೇಲೆ ಮನುಷ್ಯನ ಬಗ್ಗೆ ತಿಳಿದುಕೊಳ್ಳಿ. ವಿಮರ್ಶೆ ಕೊನೆಗೆ.

ಮೊದಲು ಫೋನಿನ ಕೆಲಸ

ಇದು ಸಣ್ಣ ವಿಷಯ ಅನ್ನಿಸಬಹುದು, ಅಲ್ಲ. ಈ ಆಲ್ಬಂನಲ್ಲಿ 14 ಟ್ರ್ಯಾಕ್ ಇವೆ, ಒಟ್ಟು ಸುಮಾರು 50 ನಿಮಿಷ. ಅದರಲ್ಲಿ ಕೆಲವು ಪೂರ್ತಿ ಹಾಡುಗಳಲ್ಲ. ಒಂದು ಹಾಡಿನಿಂದ ಇನ್ನೊಂದಕ್ಕೆ ಕರೆದುಕೊಂಡು ಹೋಗುವ ಸಣ್ಣ ತುಣುಕುಗಳು. ಎರಡು ಹಾಡಿಗೆ ಪೀಠಿಕೆಯೇ ಬೇರೆ ಟ್ರ್ಯಾಕ್ ಆಗಿ ಬರುತ್ತದೆ. ಶಫಲ್ ಹಾಕಿದರೆ, ಅಂದರೆ ಹಾಡುಗಳ ಕ್ರಮ ಕಲಸಿದರೆ, ಪೀಠಿಕೆ ಒಂದು ಕಡೆ, ಹಾಡು ಇನ್ನೊಂದು ಕಡೆ.

ಅದಕ್ಕೆ ಶಫಲ್ ಆಫ್ ಮಾಡಿ. ಆ್ಯಪಿನ ಸೆಟ್ಟಿಂಗ್ಸ್‌ಗೆ ಹೋಗಿ ಕ್ರಾಸ್‌ಫೇಡ್ ಅಂತ ಇದ್ದರೆ ಸೊನ್ನೆಗೆ ತನ್ನಿ, ಯಾಕೆಂದರೆ ಅದು ಒಂದು ಹಾಡಿನ ಬಾಲದ ಮೇಲೆ ಇನ್ನೊಂದರ ತಲೆ ಕೂರಿಸುತ್ತದೆ. ಗ್ಯಾಪ್‌ಲೆಸ್ ಅಂತ ಇದ್ದರೆ ಅದನ್ನು ಆನ್ ಮಾಡಿ, ಅದು ಹಾಡುಗಳ ನಡುವೆ ಖಾಲಿ ಬಿಡುವುದಿಲ್ಲ. ಆಟೋಪ್ಲೇ ಕೂಡ ಬೇಡ, ಕೊನೆಯ ಹಾಡು ಮುಗಿದ ತಕ್ಷಣ ಆ್ಯಪ್ ತನಗೆ ತೋಚಿದ ಇನ್ಯಾರದೋ ಹಾಡು ಶುರು ಮಾಡಿಬಿಡುತ್ತದೆ. ದುಡ್ಡು ಕೊಡದ ಆ್ಯಪಿನಲ್ಲಿ ನಡುವೆ ಜಾಹೀರಾತು ನುಗ್ಗುತ್ತದೆ, ಈ ಆಲ್ಬಂಗೆ ಅದು ನಿಜವಾಗಲೂ ಅನ್ಯಾಯ. ಒಂದು ತಿಂಗಳ ಮಟ್ಟಿಗಾದರೂ ಚಂದಾ ಕಟ್ಟಿ, ಇಲ್ಲವೇ ಚಂದಾ ಇರುವ ಗೆಳೆಯರ ಮನೆಗೆ ಹೋಗಿ ಜೊತೆಯಲ್ಲಿ ಕೇಳಿ. ಭಾವಗೀತೆ ಕ್ಯಾಸೆಟ್ ಹಾಕಿಕೊಂಡು ಎ ಸೈಡ್ ಮುಗಿದ ಮೇಲೆ ತಿರುಗಿಸಿ ಬಿ ಸೈಡ್ ಕೇಳುತ್ತಿದ್ದವರಿಗೆ ಈ ಅಭ್ಯಾಸ ಹೊಸದೇನಲ್ಲ. ಯಾವ ಹಾಡಿನ ಹಿಂದೆ ಯಾವುದು ಬರುತ್ತದೆ ಎಂಬುದು ಬಾಯಿಪಾಠ ಆಗಿರುತ್ತಿತ್ತು, ಅಲ್ವಾ?

ಫೋನಿನ ಸ್ಪೀಕರ್ ಬೇಡ. ಅದರಲ್ಲಿ ಬೇಸ್ ಗಿಟಾರ್ ಸರಿಯಾಗಿ ಕೇಳಿಸುವುದಿಲ್ಲ, ಈ ಆಲ್ಬಂನಲ್ಲಿ ಅರ್ಧ ಹಾಡುಗಳನ್ನು ಮುಂದಕ್ಕೆ ತಳ್ಳುವುದೇ ಬೇಸ್. ಸಾಧಾರಣ ಹೆಡ್‌ಫೋನ್ ಸಾಕು. ಬಸ್ಸಿನಲ್ಲೂ ಬೇಡ, ಮೆಲ್ಲಗೆ ಶುರುವಾಗುವ ಜಾಗಗಳು ಇಂಜಿನ್ ಸದ್ದಿನಲ್ಲಿ ಮುಚ್ಚಿಹೋಗುತ್ತವೆ.

ಮೊದಲ ಸಲ ಸುಮ್ನೆ ಕೇಳಿ

ಮೊದಲ ಸಲ ಏನೂ ಬರೆದುಕೊಳ್ಳಬೇಡಿ. ಸಾಹಿತ್ಯವನ್ನು ಪರದೆ ಮೇಲೆ ಓದಬೇಡಿ. ಇಂಗ್ಲಿಷ್ ಪದ ಅರ್ಥವಾಗದೆ ಹೋದರೂ ಪರವಾಗಿಲ್ಲ, ಇವರ ಸಾಲುಗಳು ತುಂಬ ಸರಳ, ಎರಡನೇ ಸಲಕ್ಕೆ ತಾನಾಗಿಯೇ ಸಿಗುತ್ತವೆ. ಮೊದಲ ಸಲ ಆಗಬೇಕಾದ್ದು ಇಷ್ಟೇ. ಎಲ್ಲಿ ಮೈ ಜುಂ ಅಂತು, ಎಲ್ಲಿ ಗಮನ ಬೇರೆಡೆ ಹೋಯಿತು, ಅದು ನಿಮಗೇ ಗೊತ್ತಾಗಬೇಕು. ವಿಮರ್ಶೆ ಓದಿ ಕೂತರೆ ಅದು ಗೊತ್ತಾಗುವುದೇ ಇಲ್ಲ, ವಿಮರ್ಶಕರು ಹೊಗಳಿದ ಹಾಡು ಯಾವಾಗ ಬರುತ್ತದೋ ಅಂತ ಕಾಯುತ್ತಾ ಇರುತ್ತೀರಿ.

ಎರಡನೇ ಸಲ ಪುಸ್ತಕ ಪೆನ್ನು

ಎರಡನೇ ಸಲ ಪಕ್ಕದಲ್ಲಿ ಪುಸ್ತಕ ಇರಲಿ. ಹಾಡಿನ ಹೆಸರು, ಎಷ್ಟನೇ ನಿಮಿಷ, ಏನಾಯಿತು, ಇಷ್ಟು ಬರೆದುಕೊಂಡರೆ ಸಾಕು. ಏನನ್ನು ಗಮನಿಸಬೇಕು ಅಂತ ನನಗೆ ತೋಚಿದ್ದನ್ನು ಹೇಳುತ್ತೇನೆ.

ಮೊದಲ ಹಾಡು ‘ಯು ಎಯಿಂಟ್ ದ ಪ್ರಾಬ್ಲಮ್’. ಪಕ್ಕದ ಕೋಣೆಯಲ್ಲಿ ಏನೋ ನಡೆಯುತ್ತಿದೆ ಎಂಬ ಗಲಾಟೆಯಿಂದ ಶುರುವಾಗಿ ಬಾಗಿಲು ತೆರೆದ ಹಾಗೆ ತಾಳ ಒಳಗೆ ಬರುತ್ತದೆ. ಕುಣಿಸುವ ಹಾಡು. ತಪ್ಪು ನಿನ್ನದಲ್ಲ, ನಿನ್ನನ್ನು ನೀನೇ ಹಳಿದುಕೊಳ್ಳಬೇಡ ಎಂಬ ಮಾತು. ಅಲ್ಲಿಂದ ‘ರೋಲಿಂಗ್’ಗೆ ಹೋಗುವಾಗ ತಡೆಯೇ ಇಲ್ಲ, ಆ ಜಾಗವನ್ನು ಗುರುತು ಮಾಡಿಕೊಳ್ಳಿ. ಎರಡು ಹಾಡಿನ ಓಟ ಆದಮೇಲೆ ‘ಐವ್ ಬೀನ್ ಡೇಜ಼್ಡ್’ನಲ್ಲಿ ಎಲ್ಲ ನಿಧಾನವಾಗುತ್ತದೆ, ಹಿಂದಿನಿಂದ ಕೋರಸ್ ಎದ್ದು ಬರುತ್ತದೆ. ಈ ಕೋರಸ್ ಇಡೀ ಆಲ್ಬಂನಲ್ಲಿ ಬಹಳ ಮುಖ್ಯ. ಒಬ್ಬ ಸಂಕೋಚದ ಮನುಷ್ಯ ಮೆಲುದನಿಯಲ್ಲಿ ಏನೋ ಹೇಳುತ್ತಾನೆ, ಹಿಂದೆ ಹತ್ತಾರು ದನಿಗಳು ಅದನ್ನು ಎತ್ತಿ ಹಿಡಿಯುತ್ತವೆ. ಎಲ್ಲಿ ಅವರು ಒಬ್ಬರೇ ಹಾಡುತ್ತಾರೆ, ಎಲ್ಲಿ ಕೋರಸ್ ಸೇರುತ್ತದೆ, ಎಲ್ಲಿ ಅದು ಅವರನ್ನು ಬಿಟ್ಟು ಹೋಗುತ್ತದೆ, ಇದನ್ನೊಂದು ಬರೆದುಕೊಂಡರೂ ಆಲ್ಬಂನ ಅರ್ಧ ನಿಮಗೆ ಸಿಕ್ಕ ಹಾಗೆ.

‘ಪಿಯಾನೋ ಜಾಯಿಂಟ್’ನಲ್ಲಿ ಪೀಠಿಕೆ ಒಂದು ಟ್ರ್ಯಾಕ್, ಹಾಡು ಇನ್ನೊಂದು. ಪಿಯಾನೋ, ದನಿ, ಆಮೇಲೆ ಮೆಲ್ಲಗೆ ವಯೊಲಿನ್‌ಗಳ ಗುಂಪು. ಅದರ ಹಿಂದೆಯೇ ‘ಅನದರ್ ಹ್ಯೂಮನ್ ಬೀಯಿಂಗ್’ ಎಂಬ ತುಣುಕು ಬರುತ್ತದೆ, ಅದರಲ್ಲಿ ಅಮೆರಿಕದ ಕಪ್ಪು ಜನರ ಹಕ್ಕಿನ ಹೋರಾಟದ ಕಾಲದ ಮಾತು ಕೇಳಿಸುತ್ತದೆ. ಪ್ರೀತಿಯ ಹಾಡು ಮುಗಿದ ಕೂಡಲೇ ಇದು ಯಾಕೆ ಬಂತು ಅಂತ ಪುಸ್ತಕದಲ್ಲಿ ಒಂದು ಪ್ರಶ್ನೆ ಹಾಕಿಡಿ. ಉತ್ತರ ಮೂರು ಟ್ರ್ಯಾಕ್ ಆದಮೇಲೆ ‘ಹೀರೋ’ದಲ್ಲಿದೆ.

‘ಹೀರೋ’ಗೆ ಸ್ವಲ್ಪ ಹಿನ್ನೆಲೆ ಬೇಕು. ಫ್ರೆಡ್ ಹ್ಯಾಂಪ್ಟನ್ ಅಮೆರಿಕದ ಷಿಕಾಗೋದಲ್ಲಿ, ಕಪ್ಪು ಜನರ ಹಕ್ಕಿಗೆ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ನಾಯಕ. 1969ರ ಡಿಸೆಂಬರ್ 4ರ ಬೆಳಗಿನ ಜಾವ ಪೊಲೀಸರು ಮನೆಗೆ ನುಗ್ಗಿ ಕೊಂದಾಗ ಅವರಿಗೆ ಬರೀ 21 ವರ್ಷ. ಕಿವಾನುಕ ಆ ಸಾವನ್ನು ನೆನೆದು ಕೇಳುವುದು ಒಂದೇ ಪ್ರಶ್ನೆ, ಸತ್ತರೆ ನಾನು ವೀರನಾಗುತ್ತೇನಾ ಎಂದು. ಪೀಠಿಕೆಯಲ್ಲಿ ಗಿಟಾರ್ ಹಿಡಿದು ಒಂಟಿಯಾಗಿ ಕೇಳುತ್ತಾರೆ, ಆಮೇಲೆ ಅದೇ ಪ್ರಶ್ನೆ ಡ್ರಮ್ಸ್ ಜೊತೆ, ಕರ್ಕಶ ಗಿಟಾರ್ ಜೊತೆ ವಾಪಸ್ ಬರುತ್ತದೆ. ಪ್ರಶ್ನೆ ಅದೇ, ಆದರೆ ಎರಡನೇ ಸಲ ಅದರಲ್ಲಿ ಸಿಟ್ಟಿದೆ. ಈ ಎರಡು ಟ್ರ್ಯಾಕ್ ಬೇರೆ ಬೇರೆ ಮಾಡಿದರೆ ಏನೂ ಉಳಿಯುವುದಿಲ್ಲ. ಶಫಲ್ ಬೇಡ ಅಂತ ಅಷ್ಟು ಹೇಳಿದ್ದು ಇದಕ್ಕೇ.

‘ಹಾರ್ಡ್ ಟು ಸೇ ಗುಡ್‌ಬೈ’ ಉದ್ದದ ಹಾಡು, ದನಿ ಬರುವುದಕ್ಕೆ ತಡವಾಗುತ್ತದೆ. ಅವಸರ ಮಾಡಿ ಮುಂದಕ್ಕೆ ಎಳೆಯಬೇಡಿ. ನನ್ನ ಮಟ್ಟಿಗೆ ಆಲ್ಬಂನ ಜೀವ ಇರುವುದು ಇದರ ಮುಂದಿನ ‘ಫೈನಲ್ ಡೇಸ್’ನಲ್ಲಿ. ಲೋಕ ಮುಗಿಯುತ್ತಿದೆ ಎಂಬ ಭಯ, ಆದರೆ ತಾಳ ಮಾತ್ರ ಕನಸಿನಲ್ಲಿ ನಡೆದ ಹಾಗೆ ತಣ್ಣಗೆ ಹೋಗುತ್ತಿರುತ್ತದೆ. ‘ಹೀರೋ’ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಇದರ ಬಗ್ಗೆ ಮಾತಾಡುವವರು ಕಮ್ಮಿ. ಕೊನೆಯ ಎರಡು, ‘ಸಾಲಿಡ್ ಗ್ರೌಂಡ್’ ಮತ್ತು ‘ಲೈಟ್’, ಒಂದನ್ನು ಬಿಟ್ಟು ಒಂದು ಕೇಳುವಂಥವಲ್ಲ. ಒಂದರಲ್ಲಿ ಕಾಲ ಕೆಳಗೆ ನೆಲವೇ ಇಲ್ಲ ಎಂಬ ಸ್ಥಿತಿ, ಇನ್ನೊಂದರಲ್ಲಿ ಬೆಳಕಿಗಾಗಿ ಕೇಳಿಕೊಳ್ಳುವುದು.

ಇಷ್ಟವಾಗದೇ ಇದ್ದದ್ದನ್ನೂ ಬರೆದುಕೊಳ್ಳಿ. ನನಗೆ ಒಂದೆರಡು ಕಡೆ ವಾದ್ಯಗಳು ಜಾಸ್ತಿ ಆಗಿ ಆ ಒಳ್ಳೆಯ ದನಿ ಹಿಂದೆ ಸರಿದ ಹಾಗೆ ಕೇಳುತ್ತದೆ, ಸಾಹಿತ್ಯದ ಸಾಲುಗಳು ಕೆಲವು ಸಲ ತೀರಾ ಸುಲಭಕ್ಕೆ ಮುಗಿಯುತ್ತವೆ. ಮೆಚ್ಚಿದ ಆಲ್ಬಂ ಬಗ್ಗೆ ಇದನ್ನು ಹೇಳಲು ಹಿಂಜರಿಯಬೇಕಾಗಿಲ್ಲ.

ಈಗ ಮನುಷ್ಯನ ಬಗ್ಗೆ

ಕಿವಾನುಕ ಹುಟ್ಟಿದ್ದು 1987ರಲ್ಲಿ, ಉತ್ತರ ಲಂಡನ್ನಿನ ಮಸ್ವೆಲ್ ಹಿಲ್‌ನಲ್ಲಿ. ಅಪ್ಪ ಅಮ್ಮ ಸರ್ವಾಧಿಕಾರಿ ಇದಿ ಅಮೀನನ ಆಡಳಿತ ತಾಳಲಾರದೆ ಉಗಾಂಡಾ ಬಿಟ್ಟು ಬಂದವರು. ಕಿವಾನುಕ ಮೊದಲು ಬೇರೆಯವರಿಗೆ ಗಿಟಾರ್ ನುಡಿಸುತ್ತಿದ್ದರು. 2011ರಲ್ಲಿ ಗಾಯಕಿ ಅಡೆಲ್ ಅವರ ಪ್ರವಾಸದಲ್ಲಿ ಮೊದಲ ಸರದಿಯ ಗಾಯಕ. ಭರವಸೆಯ ಹೊಸ ಕಲಾವಿದರನ್ನು ಆರಿಸುವ ಬಿಬಿಸಿಯ ‘ಸೌಂಡ್ ಆಫ್ 2012’ ಪಟ್ಟಿಯಲ್ಲಿ ಮೊದಲ ಸ್ಥಾನ ಬಂತು. ಅದೇ ವರ್ಷ ಮೊದಲ ಆಲ್ಬಂ ‘ಹೋಮ್ ಅಗೇನ್’.

ಹೊರಗಿನಿಂದ ನೋಡಿದರೆ ಎಲ್ಲ ಚೆನ್ನಾಗಿತ್ತು. ಆದರೆ ತಾನು ಇದಕ್ಕೆಲ್ಲ ಯೋಗ್ಯನೇ ಎಂಬ ಅನುಮಾನ ತನ್ನನ್ನು ತಿನ್ನುತ್ತಿತ್ತು ಎಂದು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಅಮೆರಿಕದ ರ‍್ಯಾಪ್ ಗಾಯಕ ಕಾನ್ಯೆ ವೆಸ್ಟ್ ತಮ್ಮ ಆಲ್ಬಂ ಕೆಲಸಕ್ಕೆ ಕರೆಸಿಕೊಂಡಾಗ ಅಲ್ಲಿ ತನ್ನ ಜಾಗ ಯಾವುದು ಅಂತ ತಿಳಿಯದೆ ವಾಪಸ್ ಬಂದುಬಿಟ್ಟರು. ಶುರುವಿನಲ್ಲಿ ರೆಕಾರ್ಡ್ ಕಂಪನಿ ಜೊತೆ ಒಪ್ಪಂದ ಆದಾಗ, ವೇದಿಕೆ ಮೇಲೆ ಯಾವ ಹೆಸರು ಇಟ್ಟುಕೊಳ್ಳುತ್ತೀಯ ಎಂದು ಜನ ಕೇಳುತ್ತಿದ್ದರಂತೆ. ಅವರ ಹೆಸರೇ ಇರಲಿ ಅಂತ ಯಾರಿಗೂ ಸಹಜವಾಗಿ ತೋಚಲಿಲ್ಲ. ಮೂರನೇ ಆಲ್ಬಂ ಮೇಲೆ ಮನೆತನದ ಹೆಸರು ದೊಡ್ಡದಾಗಿ ಕೂತಿರುವುದನ್ನು ಇದರ ಜೊತೆ ಇಟ್ಟು ನೋಡಿ. ಮುಖಪುಟದಲ್ಲಿ ಮಾರ್ಕೀಡ್ರಿಕ್ ವಾಕರ್ ಎಂಬ ಕಲಾವಿದ ಬರೆದ ಚಿತ್ರ ಇದೆ, ರಾಜರ ಚಿತ್ರಪಟದ ಗತ್ತಿನಲ್ಲಿ ಕಿವಾನುಕ. ಸಂಕೋಚದ ಮನುಷ್ಯನಿಗೆ ಇದು ಸಣ್ಣ ನಿರ್ಧಾರ ಆಗಿರಲಿಕ್ಕಿಲ್ಲ.

ವಿಮರ್ಶೆ ಓದುವ ವಿಧಾನ

ಈಗ ವಿಮರ್ಶೆಗಳನ್ನು ತೆರೆಯಿರಿ. ಒಂದು ಆಲ್ಬಂನದ್ದಲ್ಲ, ಮೂರರದ್ದೂ. 2012ರ ‘ಹೋಮ್ ಅಗೇನ್’, 2016ರ ‘ಲವ್ ಆ್ಯಂಡ್ ಹೇಟ್’, 2019ರ ‘ಕಿವಾನುಕ’, ಪ್ರತಿಯೊಂದಕ್ಕೂ ಎರಡು ಮೂರು ಸಾಕು. ಗಾರ್ಡಿಯನ್ ಪತ್ರಿಕೆ, ಎನ್‌ಎಂಇ, ಪಿಚ್‌ಫೋರ್ಕ್ ಎಂಬ ಸಂಗೀತದ ವೆಬ್‌ಸೈಟ್‌ಗಳಲ್ಲಿ ಹಳೆಯ ವಿಮರ್ಶೆ ಹುಡುಕಿದರೆ ಸಿಗುತ್ತದೆ. ವರ್ಷದ ಕ್ರಮದಲ್ಲಿ ಓದಿ.

ಓದುವಾಗ ಒಂದು ಕೆಲಸ ಮಾಡಿ. ವಿಮರ್ಶೆಯಲ್ಲಿ ಬೇರೆ ಗಾಯಕರ ಹೆಸರು ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಗೆರೆ ಎಳೆಯಿರಿ. ಮೊದಲ ಆಲ್ಬಂ ಬಂದಾಗ ಬಿಲ್ ವಿದರ್ಸ್, ಓಟಿಸ್ ರೆಡಿಂಗ್, ಟೆರಿ ಕ್ಯಾಲಿಯರ್ ಹೆಸರುಗಳು ಮತ್ತೆ ಮತ್ತೆ ಬಂದವು. ಹೊಗಳಿಕೆಯೇ. ಆದರೆ ಗೆರೆ ಎಳೆದ ವಾಕ್ಯಗಳನ್ನು ಮುಚ್ಚಿಕೊಂಡು ಉಳಿದದ್ದನ್ನು ಓದಿ ನೋಡಿ. ಈ ಹಾಡುಗಳಲ್ಲಿ ಏನು ನಡೆಯುತ್ತದೆ ಎಂದು ಹೇಳುವ ಮಾತು ಎಷ್ಟು ಉಳಿಯಿತು? ಕೆಲವು ವಿಮರ್ಶೆಯಲ್ಲಿ ಸಾಕಷ್ಟು ಉಳಿಯುತ್ತದೆ. ಕೆಲವದರಲ್ಲಿ ಹೆಚ್ಚೇನೂ ಇರುವುದಿಲ್ಲ. ಹೋಲಿಕೆ ತಪ್ಪಲ್ಲ, ಗೊತ್ತಿಲ್ಲದ ಗಾಯಕನನ್ನು ಪರಿಚಯ ಮಾಡಲು ಅದು ಬೇಕು. ಆದರೆ ಹೋಲಿಕೆಯಲ್ಲೇ ಮಾತು ಮುಗಿದರೆ ಆ ಗಾಯಕ ಬಂದದ್ದೇ ಗೊತ್ತಾಗುವುದಿಲ್ಲ.

2016ಕ್ಕೆ ಬಂದಾಗ ಮಾತು ಬದಲಾಗುತ್ತದೆ. ‘ಲವ್ ಆ್ಯಂಡ್ ಹೇಟ್’ಗೆ ಡೇಂಜರ್ ಮೌಸ್ ಮತ್ತು ಇನ್‌ಫ್ಲೋ ನಿರ್ಮಾಪಕರಾಗಿ, ಅಂದರೆ ರೆಕಾರ್ಡಿಂಗ್‌ನ ಒಟ್ಟು ಧ್ವನಿ ರೂಪಿಸುವವರಾಗಿ, ಬಂದರು. ಮೊದಲ ಹಾಡೇ 10 ನಿಮಿಷದ ಹತ್ತಿರ, ‘ಕೋಲ್ಡ್ ಲಿಟಲ್ ಹಾರ್ಟ್’. ಮರುವರ್ಷ ‘ಬಿಗ್ ಲಿಟಲ್ ಲೈಸ್’ ಎಂಬ ಟಿವಿ ಸರಣಿಯ ಶೀರ್ಷಿಕೆ ಹಾಡಾಗಿ ಅದು ಲೋಕದ ತುಂಬ ಹರಡಿತು. ಆಲ್ಬಂ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ವಿಮರ್ಶಕರು ಈಗ ಹಾಡಿನ ಉದ್ದ, ವಾದ್ಯಗಳ ಜೋಡಣೆ, ಬಿಳಿಯರ ಲೋಕದಲ್ಲಿ ಕಪ್ಪು ಮನುಷ್ಯನಾಗಿರುವ ನೋವು, ಇವುಗಳ ಬಗ್ಗೆ ಬರೆಯತೊಡಗಿದರು. ಅದೇ ಇಬ್ಬರು ನಿರ್ಮಾಪಕರ ಜೊತೆ ಮೂರನೇದನ್ನು ಮಾಡಿದಾಗ ಮೆಚ್ಚುಗೆ ಇನ್ನೂ ಜಾಸ್ತಿ ಆಯಿತು. ವರ್ಷದ ಕೊನೆಯ ಪಟ್ಟಿಗಳಲ್ಲಿ ಹೆಸರು ಬಂತು, ಮಾರಾಟದ ಪಟ್ಟಿಯಲ್ಲಿ ಎರಡನೇ ಸ್ಥಾನ.

ಹಿಂದಿನ ಎರಡು ಆಲ್ಬಂಗಳೂ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂದು ಗೆಲ್ಲದೆ ಹೋಗಿದ್ದವು. ಮೂರನೇದು ಗೆದ್ದದ್ದು 2020ರ ಸೆಪ್ಟೆಂಬರ್ 24ರಂದು. ಕೋವಿಡ್ ಕಾಲ, ಸಮಾರಂಭ ಇಲ್ಲ, ಬಿಬಿಸಿಯ ಟಿವಿ ಕಾರ್ಯಕ್ರಮವೊಂದರಲ್ಲಿ ಘೋಷಣೆ. ಬಹುಮಾನ 25,000 ಪೌಂಡ್. ಆ ಪಟ್ಟಿಯಲ್ಲಿ ದುವಾ ಲಿಪಾ, ಸ್ಟಾರ್ಮ್‌ಜ಼ಿ, ಲಾರಾ ಮಾರ್ಲಿಂಗ್ ಎಲ್ಲ ಇದ್ದರು.

ಹಾಗಾಗಿ ಎರಡನೇ ಕೆಲಸ, ವಿಮರ್ಶೆಯ ತಾರೀಖು ನೋಡಿ. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನನ್ನು ಪೊಲೀಸ್ ಅಧಿಕಾರಿಯೊಬ್ಬ ಕೊಂದ. ಅದಾದ ಮೇಲೆ ‘ಹೀರೋ’ ಹಾಡನ್ನು ಅದಕ್ಕೆ ಮೊದಲಿನ ಹಾಗೆ ಕೇಳಲು ಸಾಧ್ಯವೇ ಇರಲಿಲ್ಲ. 2019ರ ನವೆಂಬರಿನಲ್ಲಿ ಬರೆದ ವಿಮರ್ಶೆಗೂ 2020ರ ಪ್ರಶಸ್ತಿ ಹೊತ್ತಿನ ಬರಹಕ್ಕೂ ಇರುವ ಅಂತರವನ್ನು ಈ ಹಿನ್ನೆಲೆಯಲ್ಲಿ ಓದಿ. ಹಾಡು ಬದಲಾಗಲಿಲ್ಲ, ಕೇಳುವ ಕಿವಿ ಬದಲಾಯಿತು. ಎರಡನ್ನೂ ಕಲಸಿ ‘ಈ ಆಲ್ಬಂ ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಚಳವಳಿಯ ಬಗ್ಗೆ’ ಎಂದುಬಿಟ್ಟರೆ ಫ್ರೆಡ್ ಹ್ಯಾಂಪ್ಟನ್ ಮರೆಯಾಗುತ್ತಾರೆ, ಈ ಸಾವುಗಳು ಎಷ್ಟು ಹಳೆಯವು ಎಂಬ ಮಾತೂ ಮರೆಯಾಗುತ್ತದೆ.

ಸ್ಟಾರ್ ಮತ್ತು ಅಂಕಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ವಿಮರ್ಶೆಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್ ವೆಬ್‌ಸೈಟ್‌ನಲ್ಲಿ ಕಾಣುವ ನೂರರ ಅಂಕ ಬೇರೆ ಬೇರೆ ಪತ್ರಿಕೆಗಳ ಅಂಕಗಳನ್ನು ಒಂದೇ ಅಳತೆಗೆ ತಂದು ತೆಗೆದ ಸರಾಸರಿ. ಅದರಲ್ಲೂ ಎಲ್ಲ ಪತ್ರಿಕೆಗೂ ಒಂದೇ ತೂಕ ಇಲ್ಲ, ಯಾವುದಕ್ಕೆ ಎಷ್ಟು ತೂಕ ಎಂದು ಅವರು ಹೇಳುವುದೂ ಇಲ್ಲ. ಯಾವ ವಿಮರ್ಶೆ ಓದಬೇಕು ಅಂತ ಹುಡುಕಲು ಅಲ್ಲಿನ ಪಟ್ಟಿ ಅನುಕೂಲ. ಅಷ್ಟಕ್ಕೆ ಬಳಸಿ.

ಸಂಗೀತದ ಜಾತಿ ಹೇಳುವ ಪದಗಳಲ್ಲೂ ಹುಷಾರಾಗಿರಿ. ಇದನ್ನು ಸೋಲ್ ಎಂದವರಿದ್ದಾರೆ, ಫೋಕ್ ಎಂದವರಿದ್ದಾರೆ, ಸೈಕೆಡೆಲಿಕ್ ಎಂದವರೂ ಇದ್ದಾರೆ. 2021ರ ಗ್ರ್ಯಾಮಿಯಲ್ಲಿ ಇದು ನಾಮನಿರ್ದೇಶನಗೊಂಡದ್ದು ರಾಕ್ ಆಲ್ಬಂ ವಿಭಾಗದಲ್ಲಿ! ಯಾವ ಡಬ್ಬಿಗೂ ಪೂರ್ತಿ ಹೋಗದ ಆಲ್ಬಂ ಇದು. ಇದು ಯಾವ ಜಾತಿಯ ಸಂಗೀತ ಎಂಬುದರ ಮೇಲೇ ಅರ್ಧ ಬರಹ ಕಳೆಯುವ ವಿಮರ್ಶೆಯನ್ನು ಬೇಗ ಓದಿ ಮುಗಿಸಿ.

ಕೊನೆಗೆ ನಿಮ್ಮ ಪುಸ್ತಕ ತೆಗೆದು ಪಕ್ಕದಲ್ಲಿ ಇಡಿ. ನೀವು ಗುರುತು ಮಾಡಿದ ಜಾಗ ವಿಮರ್ಶಕರೂ ಗುರುತಿಸಿದ್ದರೆ ಅಲ್ಲಿ ಅವರು ಯಾವ ಪದ ಬಳಸಿದ್ದಾರೆ ನೋಡಿ, ಕಲಿಯಲು ಇರುತ್ತದೆ. ಅವರು ಮುಟ್ಟದೇ ಬಿಟ್ಟ ಜಾಗ ನಿಮ್ಮ ಪುಸ್ತಕದಲ್ಲಿದ್ದರೆ ಅದನ್ನು ಹೊಡೆದು ಹಾಕಬೇಡಿ. ನಿಮ್ಮ ಬರಹ ಶುರುವಾಗಬೇಕಾದ್ದೇ ಅಲ್ಲಿಂದ.

ನೀವೇ ಬರೆಯುವುದಾದರೆ

ಬರೆಯಿರಿ, ಕನ್ನಡದಲ್ಲಿ ಬರೆಯಿರಿ. ಇಂಥ ಆಲ್ಬಂಗಳ ಬಗ್ಗೆ ನಮ್ಮಲ್ಲಿ ಬರಹ ಬಹಳ ಕಮ್ಮಿ. ಇನ್ನೂರು ಮುನ್ನೂರು ಪದ ಸಾಕು. ‘ಅದ್ಭುತ’, ‘ಮನಮುಟ್ಟುವ’, ‘ಮಾಂತ್ರಿಕ’ ಈ ಮೂರನ್ನು ಬಿಟ್ಟು ಬರೆಯಲು ನೋಡಿ. ಕೇಳಿಸಿದ್ದನ್ನು ಹೇಳಿ. ಡ್ರಮ್ಸ್ ಯಾವಾಗ ನಿಂತಿತು, ದನಿ ಯಾವಾಗ ಮೇಲಕ್ಕೆ ಹೋಯಿತು, ಹಿಮ್ಮೇಳ ಎಲ್ಲಿ ಸೇರಿತು. ನಮ್ಮಲ್ಲಿ ಲಯ, ತಾಳ, ಹಿಮ್ಮೇಳ, ಆಲಾಪ ಅಂತ ಒಳ್ಳೆಯ ಪದಗಳಿವೆ, ಹೊಂದುವ ಕಡೆ ಬಳಸಿ. ಬೇಸ್, ಕೋರಸ್, ಗಿಟಾರ್ ಹಾಗೇ ಇರಲಿ, ಅವಕ್ಕೆ ಹೊಸ ಪದ ಕಟ್ಟುವ ಕಷ್ಟ ಬೇಡ. ಬೇರೆ ಗಾಯಕರ ಹೆಸರು ಇಡೀ ಬರಹದಲ್ಲಿ ಒಂದೇ ಸಲ ಬರಲಿ ಅಂತ ನಿಯಮ ಹಾಕಿಕೊಂಡರೆ ಒಳ್ಳೆಯದು, ಮಿಕ್ಕ ಜಾಗದಲ್ಲಿ ಈ ಆಲ್ಬಂ ಬಗ್ಗೆಯೇ ಮಾತಾಡಬೇಕಾಗುತ್ತದೆ.

ಬರೆದು ಮುಗಿಸಿದ ಮೇಲೆ ಒಂದು ಸಲ ಗಟ್ಟಿಯಾಗಿ ಓದಿಕೊಳ್ಳಿ. ಆಮೇಲೆ ‘ಹೋಮ್ ಅಗೇನ್’ಗೆ ವಾಪಸ್ ಹೋಗಿ, ಅದಾದ ಮೇಲೆ ‘ಲವ್ ಆ್ಯಂಡ್ ಹೇಟ್’. ಮೊದಲ ಆಲ್ಬಂ ಈಗ ಬೇರೆಯೇ ಕೇಳಿಸುತ್ತದೆ, ಆಗ ಹೋಲಿಕೆಗಳ ಕೆಳಗೆ ಮುಚ್ಚಿಹೋಗಿದ್ದ ದನಿ ಅದರಲ್ಲೇ ಇತ್ತು. ಕೊನೆಗೆ 2024ರ ನವೆಂಬರಿನಲ್ಲಿ ಬಂದ ನಾಲ್ಕನೇ ಆಲ್ಬಂ ‘ಸ್ಮಾಲ್ ಚೇಂಜಸ್’. ನಿರ್ಮಾಪಕರು ಅದೇ ಇಬ್ಬರು. ಆದರೆ ಅಬ್ಬರ ಕಮ್ಮಿ, ವಾದ್ಯಗಳು ಕಮ್ಮಿ, ಪೀನೊ ಪಲಾಡಿನೊ ಅವರ ಬೇಸ್ ಇದೆ. ಅದನ್ನು ಕೇಳುವಾಗಲೂ ಶಫಲ್ ಆಫ್ ಇರಲಿ, ವಿಮರ್ಶೆ ಆಮೇಲೆ.